ಫ್ರೇಮ್ ಮೂಲೆಯಲ್ಲಿ ಸಂದು ಬರುತ್ತಿದೆಯಾ? ಮೊದಲು ಉದ್ದ ನೋಡಿ

ಫೋಟೋ ಫ್ರೇಮ್ ಅಂಗಡಿ ಇಡಬೇಕೆಂದು ಬೆಂಗಳೂರಿನ ಎಸ್‌.ಪಿ. ರೋಡಿಗೆ ಮಷಿನ್ ನೋಡಲು ಹೊರಟವರಿಗೆ ಒಂದು ಮಾತು. ಮೂಲೆಯಲ್ಲಿ ಸಂದು ಬಂದರೆ ಎಲ್ಲರೂ 45 ಡಿಗ್ರಿ ಕಟಿಂಗನ್ನೇ ಬೈಯುತ್ತಾರೆ. ಎಷ್ಟೋ ಸಲ ತಪ್ಪಿರುವುದು ಉದ್ದದಲ್ಲಿ. ಎದುರುಬದುರು ಬರುವ ಎರಡು ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಸೇರಿಸಿ, ತುದಿಯ ಮೇಲೆ ಬೆರಳು ಆಡಿಸಿ. ಕೂದಲೆಳೆಯಷ್ಟು ಏರುಪೇರಿದ್ದರೂ ಗೊತ್ತಾಗುತ್ತದೆ. ಹಾಗಾಗಿ ಗರಗಸಕ್ಕೆ ಸ್ಟಾಪರ್, ಅಂದರೆ ಪ್ರತಿ ಪಟ್ಟಿಯೂ ಒಂದೇ ಉದ್ದಕ್ಕೆ ನಿಲ್ಲುವಂತೆ ಮಾಡುವ ತಡೆ, ಬೇಕೇ ಬೇಕು. ಪ್ರತಿ ಪಟ್ಟಿಗೂ ಟೇಪ್ ಹಿಡಿದು ಗುರುತು ಹಾಕುತ್ತಾ ಕೂರಬೇಡಿ.

ಗಾಜು ಕೂರುವ ಜಾಗಕ್ಕಿಂತ ಗಾಜನ್ನು 2 ಮಿ.ಮೀ. ಚಿಕ್ಕದಾಗಿಯೇ ಕತ್ತರಿಸಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ ಅಲ್ವಾ, ಬಿಗಿಯಾಗಿ ಕೂತ ಗಾಜು ಬಿರುಕು ಬಿಡಬಹುದು. ಕಟರ್ ಒಂದೇ ಸಲ ಎಳೆಯಿರಿ. ಅದೇ ಗೀರಿನ ಮೇಲೆ ಮತ್ತೆ ಎಳೆದರೆ ಚಕ್ರವೂ ಹಾಳು, ಗಾಜೂ ಹಾಳು. ಮತ್ತೆ, ಗರಗಸದ ಪಕ್ಕದಲ್ಲೇ ಗಾಜು ಒರೆಸಬೇಡಿ, ಮರದ ಪುಡಿ ಮತ್ತೆ ಕೂತು ಸುಮ್ನೆ ಡಬಲ್ ಕೆಲಸ.