ಕಾಲ್ನಡಿಗೆಯಲ್ಲಿ ಲಂಡನ್: ಕಡಿಮೆ ಖರ್ಚಿನಲ್ಲಿ ಸುತ್ತುವುದು ಹೇಗೆ?

ಲಂಡನ್ ದುಬಾರಿ ಊರು. ಒಂದು ಪೌಂಡ್ ಅಂದರೆ ನೂರು ರೂಪಾಯಿಗೂ ಮೇಲೆ. ಟೀ ಕುಡಿಯುವಾಗಲೂ ಮನಸ್ಸು ಲೆಕ್ಕ ಹಾಕುತ್ತಲೇ ಇರುತ್ತದೆ. ಆದರೆ ಜೇಬಿಗೆ ಕತ್ತರಿ ಹಾಕುವುದು ವಸತಿ, ಓಡಾಟ ಮತ್ತು ಹೋಟೆಲ್ ಊಟ. ನೋಡುವುದಕ್ಕೆ ಅಷ್ಟೇನೂ ದುಡ್ಡು ಬೇಡ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟೇಟ್ ಮಾಡರ್ನ್ ಎಲ್ಲಕ್ಕೂ ಪ್ರವೇಶ ಉಚಿತ. ನದಿ ದಂಡೆಗೆ, ಪಾರ್ಕುಗಳಿಗೆ ಟಿಕೆಟ್ಟೇ ಇಲ್ಲ. ಹಾಗಾಗಿ ದಿನಕ್ಕೆ ಒಂದೇ ದಾರಿ ಆರಿಸಿಕೊಳ್ಳಿ. ಅದರ ಒಂದು ತುದಿಗೆ ರೈಲಿನಲ್ಲಿ ಹೋಗಿ, ಇನ್ನೊಂದು ತುದಿಯಿಂದ ಬಸ್ಸಿನಲ್ಲಿ ಬನ್ನಿ. ನಡುವೆ ಪೂರ್ತಿ ನಡಿಗೆ.

ಹೊರಡುವ ಮುನ್ನ

ಷೆಂಗೆನ್ ವೀಸಾ ಇದ್ದರೆ ಯುರೋಪೆಲ್ಲ ಸುತ್ತಬಹುದು ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಬ್ರಿಟನ್ನಿಗೆ ಅದು ನಡೆಯುವುದಿಲ್ಲ, ಬೇರೆಯೇ ವೀಸಾ ಮಾಡಿಸಬೇಕು. ಪ್ಯಾರಿಸ್ ಜೊತೆ ಲಂಡನ್ನನ್ನೂ ಸೇರಿಸುವ ಯೋಚನೆ ಇದ್ದರೆ ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಆಮೇಲೆ ಬ್ಯಾಂಕ್ ಕಾರ್ಡ್. ಲಂಡನ್ ಬಸ್ಸುಗಳಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ನಿಮ್ಮ ಕಾರ್ಡಿನಲ್ಲಿ ವಿದೇಶಿ ವಹಿವಾಟು ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡೂ ಚಾಲೂ ಇರಬೇಕು. ಊರಲ್ಲಿದ್ದಾಗಲೇ ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿಕೊಳ್ಳಿ. ತಲೆಗೊಂದು ಕಾರ್ಡ್ ಬೇಕು. ಗಂಡ ಹೆಂಡತಿ ಒಂದೇ ಕಾರ್ಡ್ ತೋರಿಸಿ ಮೆಟ್ರೊ ಗೇಟು ದಾಟಲು ಆಗುವುದಿಲ್ಲ. ಅಲ್ಲಿನ ಬಸ್ಸು, ಮೆಟ್ರೊಗೆಂದೇ ಇರುವ ಆಯ್ಸ್ಟರ್ ಕಾರ್ಡ್ ಕೊಂಡರೂ ನಡೆಯುತ್ತದೆ, ಆದರೆ ಆ ಕಾರ್ಡಿಗೆ ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ.

ಹೊಸ ಶೂ ಬೇಡ. ಕಾಲಿಗೆ ಒಗ್ಗಿದ್ದನ್ನೇ ಹಾಕಿಕೊಳ್ಳಿ. ಕೊಡೆಗಿಂತ ಟೋಪಿ ಇರುವ ಮಳೆ ಜಾಕೆಟ್ ವಾಸಿ, ನದಿ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಕತ್ತಲು. ಬರೀ ನಡೆಯಲೆಂದೇ ಹೋಗುವವರು ಬೇಸಿಗೆ ಆರಿಸಿಕೊಳ್ಳುವುದು ಜಾಣತನ.

ಮೆಟ್ರೊ ನಕ್ಷೆ ನೋಡಿ ದೂರ ಅಳೆಯಬೇಡಿ

ಟ್ಯೂಬ್ ಎಂದು ಕರೆಯುವ ಅಲ್ಲಿನ ಮೆಟ್ರೊದ ನಕ್ಷೆ ಯಾವ ಲೈನು, ಯಾವ ನಿಲ್ದಾಣ ಎಂದು ತಿಳಿಸಲು ಮಾಡಿದ್ದು. ಅದರಲ್ಲಿ ದೂರದ ಅಳತೆ ಇಲ್ಲ. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ 300 ಮೀಟರ್ ಕೂಡ ಇಲ್ಲ. ರೈಲು ಹತ್ತಲು ನೆಲದಡಿಗೆ ಇಳಿದು ಮತ್ತೆ ಮೇಲೆ ಬರುವಷ್ಟರಲ್ಲಿ ನಡೆದೇ ತಲುಪಿರುತ್ತೀರಿ. ನಿಲ್ದಾಣದಿಂದ ನಿಲ್ದಾಣಕ್ಕೆ ನಡೆಯಲು ಎಷ್ಟು ನಿಮಿಷ ಬೇಕು ಎಂದು ತೋರಿಸುವ ನಕ್ಷೆಯನ್ನು ಅಲ್ಲಿನ ಸಾರಿಗೆ ಸಂಸ್ಥೆಯೇ ಮಾಡಿದೆ. ಅದನ್ನು ಫೋನಿನಲ್ಲಿ ಇಳಿಸಿಕೊಳ್ಳಿ.

ರಸ್ತೆಯಲ್ಲಿ ಆಗಾಗ ಫೋನ್ ತೆಗೆಯುವ ಅಗತ್ಯವೂ ಬೀಳುವುದಿಲ್ಲ. ಫುಟ್‌ಪಾತಿನ ಮೇಲೆ ಅಲ್ಲಲ್ಲಿ ಆಳೆತ್ತರದ ಫಲಕಗಳಿವೆ. ತುದಿಯಲ್ಲಿ ಹಳದಿ ಪಟ್ಟಿ, ಅದರಲ್ಲಿ ನಡೆಯುವ ಮನುಷ್ಯನ ಗುರುತು. ಅದರ ನಕ್ಷೆಯಲ್ಲಿ ಉತ್ತರ ಮೇಲಿರುವುದಿಲ್ಲ. ನೀವು ಯಾವ ಕಡೆ ಮುಖ ಮಾಡಿ ನಿಂತಿದ್ದೀರೋ ಆ ದಿಕ್ಕೇ ಮೇಲೆ. ನಕ್ಷೆಯಲ್ಲಿ ಎಡಕ್ಕಿದ್ದರೆ ನಿಮ್ಮ ಎಡಗೈ ಕಡೆಗೇ ತಿರುಗಬೇಕು, ಅಷ್ಟೆ. ಐದು ನಿಮಿಷದಲ್ಲಿ ಎಲ್ಲಿಯವರೆಗೆ ನಡೆಯಬಹುದು ಎಂದು ಒಂದು ವೃತ್ತವನ್ನೂ ಎಳೆದಿರುತ್ತಾರೆ. ಹೊಸಬರ ಕಷ್ಟವನ್ನು ಇಷ್ಟು ಚೆನ್ನಾಗಿ ಅರಿತ ಫಲಕ ನಮ್ಮ ಊರುಗಳಲ್ಲೂ ಬರಬೇಕು.

ಇನ್ನೊಂದು ಎಚ್ಚರಿಕೆ. ರಸ್ತೆ ಅಂಚಿನಲ್ಲಿ ನಿಂತು ಫೋನ್ ನೋಡಬೇಡಿ. ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುವವರು ಇದ್ದಾರೆ. ನೋಡಲೇಬೇಕಿದ್ದರೆ ಗೋಡೆ ಕಡೆ ಸರಿದು ನಿಲ್ಲಿ.

ಮೊದಲ ದಿನ: ಬಸವಣ್ಣನಿಂದ ಟವರ್ ಬ್ರಿಜ್‌ವರೆಗೆ

ಒಂದೇ ದಿನ ಸಿಗುವುದಾದರೆ ಥೇಮ್ಸ್ ನದಿಯ ದಕ್ಷಿಣ ದಂಡೆಯನ್ನೇ ಹಿಡಿಯಿರಿ. ಆರೇಳು ಕಿಲೋಮೀಟರ್ ಆಗುತ್ತದೆ. ದಾರಿ ಹೆಚ್ಚೂಕಮ್ಮಿ ಸಮತಟ್ಟು. ನದಿ ಎಡಗಡೆ ಇದ್ದರೆ ದಾರಿ ಸರಿಯಿದೆ ಎಂದೇ ಅರ್ಥ.

ವಾಕ್ಸ್‌ಹಾಲ್ ನಿಲ್ದಾಣದಲ್ಲಿ ಇಳಿದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಹಿಡಿದು ನಡೆಯಿರಿ. ಲ್ಯಾಂಬೆತ್ ಸೇತುವೆ ಹತ್ತಿರ ಬಸವೇಶ್ವರರ ಪ್ರತಿಮೆ ಸಿಗುತ್ತದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಅದಕ್ಕಾಗಿ ಓಡಾಡಿದವರು ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ್. ನದಿಯ ಆಚೆ ದಡದಲ್ಲಿ ಬ್ರಿಟನ್ನಿನ ಪಾರ್ಲಿಮೆಂಟ್. ಅನುಭವ ಮಂಟಪ ಕಟ್ಟಿದವರನ್ನು ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗಂತೂ ಹೊಳೆಯುವುದಿಲ್ಲ.

ಸೇತುವೆ ದಾಟದೆ ಮುಂದೆ ಹೋದರೆ ಒಂದು ಉದ್ದದ ಗೋಡೆ. ಅದರ ತುಂಬಾ ಕೈಯಲ್ಲಿ ಬರೆದ ಕೆಂಪು ಹೃದಯಗಳು. ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿಗೆ 2021ರಲ್ಲಿ ಅವರ ಮನೆಯವರು, ಸ್ವಯಂಸೇವಕರು ಸೇರಿ ಬರೆಯಲು ಶುರು ಮಾಡಿದ್ದು. ಒಂದೊಂದು ಹೃದಯ ಒಬ್ಬೊಬ್ಬರದ್ದು. ಕೆಲವುದರೊಳಗೆ ಹೆಸರಿದೆ, ಕೆಲವುದರಲ್ಲಿ ‘ಅಮ್ಮ’, ‘ಅಜ್ಜ’ ಎಂದಷ್ಟೇ ಇದೆ. ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೂ ಹೀಗೇ. ಇಲ್ಲಿ ನಿಧಾನವಾಗಿ ನಡೆಯಿರಿ.

ವೆಸ್ಟ್‌ಮಿನ್‌ಸ್ಟರ್ ಸೇತುವೆ, ‘ಲಂಡನ್ ಐ’ ಎಂಬ ದೈತ್ಯ ತಿರುಗುಚಕ್ರ ಬಂದಾಗ ಜನ ಜಾಸ್ತಿ. ಲಂಡನ್ ಐ ಟಿಕೆಟ್ ದುಬಾರಿ, ಬಿಟ್ಟರೆ ನಷ್ಟವಿಲ್ಲ. ಮೇಲಿಂದ ಊರು ನೋಡುವ ಆಸೆ ಇದ್ದರೆ ಎತ್ತರದ ಕಟ್ಟಡವೊಂದರ ತುದಿಯಲ್ಲಿ ಸ್ಕೈ ಗಾರ್ಡನ್ ಇದೆ. ಅದು ಉಚಿತ, ಆದರೆ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಬೇಕು. ವಾಟರ್‌ಲೂ ಸೇತುವೆ ಕೆಳಗೆ ಹಳೆ ಪುಸ್ತಕಗಳ ಸಂತೆ ಸಿಗುತ್ತದೆ. ಸುಮ್ನೆ ತಿರುವಿ ಹಾಕಿದರೂ ಯಾರೂ ಏನೂ ಅನ್ನುವುದಿಲ್ಲ.

ಟೇಟ್ ಮಾಡರ್ನ್ ಮೊದಲು ವಿದ್ಯುತ್ ಸ್ಥಾವರವಾಗಿತ್ತು, 2000ದಲ್ಲಿ ಕಲಾ ಗ್ಯಾಲರಿ ಆಯಿತು. ಒಳಗೆ ಕೂರಲು ಜಾಗ, ಶೌಚಾಲಯ ಎರಡೂ ಇವೆ. ಎದುರಿಗೇ ಮಿಲೇನಿಯಂ ಸೇತುವೆ. ಅದೇ ವರ್ಷ ತೆರೆದಾಗ ಜನರ ನಡಿಗೆಗೆ ತೂಗಾಡಿದ್ದರಿಂದ ಎರಡೇ ದಿನಕ್ಕೆ ಮುಚ್ಚಿದರು. ಸರಿಮಾಡಿ ಮತ್ತೆ ತೆರೆದದ್ದು 2002ರಲ್ಲಿ. ಮೇಲೆ ನಡೆಯುವಾಗ ಒಮ್ಮೆ ಕೆಳಗೂ ನೋಡಿ. ಜನ ಉಗಿದ ಚೂಯಿಂಗ್ ಗಮ್ ಸೇತುವೆಗೆ ಅಂಟಿಕೊಂಡಿರುತ್ತದಲ್ಲ, ಬೆನ್ ವಿಲ್ಸನ್ ಎಂಬ ಕಲಾವಿದ ಹೊಟ್ಟೆ ಮೇಲೆ ಮಲಗಿ ಅದರ ಮೇಲೆ ಬಣ್ಣದ ಪುಟ್ಟ ಚಿತ್ರ ಬಿಡಿಸುತ್ತಾ ಬಂದಿದ್ದಾರೆ. ಒಂದೊಂದೂ ನಾಣ್ಯದಷ್ಟು. ಬಗ್ಗಿ ನೋಡದವರಿಗೆ ಕಾಣುವುದೇ ಇಲ್ಲ.

ಮತ್ತೆ ದಕ್ಷಿಣ ದಂಡೆಗೆ ಬನ್ನಿ. ಪಕ್ಕದಲ್ಲೇ ಷೇಕ್ಸ್‌ಪಿಯರ್‌ನ ಗ್ಲೋಬ್ ರಂಗಮಂದಿರ. ಬೇಸಿಗೆಯಲ್ಲಿ ಅಂಗಳದಲ್ಲಿ ನಿಂತು ನಾಟಕ ನೋಡುವ ಟಿಕೆಟ್ ತುಂಬಾ ಅಗ್ಗ. ಮುಂದೆ ಸಿಗುವುದು ‘ಬರೋ ಮಾರ್ಕೆಟ್’ (Borough Market) ಎಂಬ ತಿಂಡಿ ತಿನಿಸಿನ ಸಂತೆ. ಸೋಮವಾರ ರಜೆ, ಶನಿವಾರ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿಂದ ಟವರ್ ಬ್ರಿಜ್ ಹೆಚ್ಚು ದೂರವಿಲ್ಲ. 1894ರ ಈ ಸೇತುವೆ ಮೇಲೆ ನಡೆಯಲು ದುಡ್ಡಿಲ್ಲ, ಮೇಲಿನ ಗಾಜಿನ ನೆಲಕ್ಕೆ ಮಾತ್ರ ಟಿಕೆಟ್. ಹಡಗು ಬಂದಾಗ ಸೇತುವೆ ಬಾಯಿ ತೆರೆಯುವ ಸಮಯವನ್ನು ಅವರ ವೆಬ್‌ಸೈಟಿನಲ್ಲಿ ಮೊದಲೇ ಹಾಕಿರುತ್ತಾರೆ. ಅದನ್ನು ನೋಡಿಕೊಂಡೇ ಬೆಳಿಗ್ಗೆ ಹೊರಡುವ ಹೊತ್ತು ಗೊತ್ತು ಮಾಡಿ.

ವಾಪಸ್ಸಿಗೆ ಬಸ್. 2025ರ ದರದಂತೆ 1.75 ಪೌಂಡ್. ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಅಷ್ಟೇ. 15ನೇ ನಂಬರ್ ಹತ್ತಿ ಮಹಡಿಯ ಮುಂದಿನ ಸೀಟು ಹಿಡಿದರೆ ಸೇಂಟ್ ಪಾಲ್ಸ್ ಚರ್ಚನ್ನೂ ನೋಡಿದ ಹಾಗಾಯಿತು.

ಊಟ, ನೀರು, ಶೌಚಾಲಯ

ಅಲ್ಲಿನ ಹೋಟೆಲ್ ರೂಮುಗಳಲ್ಲಿ ಸಾಮಾನ್ಯವಾಗಿ ಕೆಟಲ್ ಇರುತ್ತದೆ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣ ಒಯ್ದರೆ ಬೆಳಗಿನ ತಿಂಡಿ ಚಿಂತೆ ಇಲ್ಲ. ಮಧ್ಯಾಹ್ನಕ್ಕೆ ಸೂಪರ್ ಮಾರ್ಕೆಟಿನ ‘ಮೀಲ್ ಡೀಲ್’: ಸ್ಯಾಂಡ್‌ವಿಚ್, ಕುರುಕಲು, ಪಾನೀಯ ಸೇರಿ ಸುಮಾರು 4 ಪೌಂಡ್. ಸಸ್ಯಾಹಾರಿ ಊಟ ಬೇಕೆಂದರೆ ಯೂಸ್ಟನ್ ರೈಲು ನಿಲ್ದಾಣದ ಪಕ್ಕದ ಡ್ರಮಂಡ್ ಸ್ಟ್ರೀಟಿಗೆ ಹೋಗಿ. ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬಿಸಿಕೊಳ್ಳಿ. ವಾಟರ್‌ಲೂ, ಲಂಡನ್ ಬ್ರಿಜ್‌ನಂಥ ದೊಡ್ಡ ರೈಲು ನಿಲ್ದಾಣಗಳಲ್ಲಿ ಶೌಚಾಲಯ ಉಚಿತ.

ಉಳಿದ ದಿನಗಳು

ದಿನಕ್ಕೆ ಒಂದೇ ಮ್ಯೂಸಿಯಂ ಸಾಕು, ಕಾಲು ಸೋಲುವುದು ಅಲ್ಲೇ. ಸೇಂಟ್ ಪಾಲ್ಸ್, ವೆಸ್ಟ್‌ಮಿನ್‌ಸ್ಟರ್ ಅಬೆ ನೋಡಲು ದೊಡ್ಡ ಟಿಕೆಟ್ ಇದೆ. ಆದರೆ ಸಂಜೆ ಪ್ರಾರ್ಥನೆಗೆ ಯಾರು ಬೇಕಾದರೂ ಹೋಗಿ ಕೂರಬಹುದು, ದುಡ್ಡು ಕೇಳುವುದಿಲ್ಲ. ಫೋಟೊ ತೆಗೆಯುವಂತಿಲ್ಲ, ನಡುವೆ ಎದ್ದು ಬರಬಾರದು.

ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ಬಿಡಬೇಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಳ್ಳೆ ಹೋದ ಟಿಪ್ಪುವಿನ ಮರದ ಹುಲಿ ಈ ಮ್ಯೂಸಿಯಂನದ್ದು. ಕೆಳಗೆ ಬಿದ್ದ ಬಿಳಿಯನ ಮೇಲೆ ಹುಲಿ ಎರಗಿದೆ. ಹಿಡಿ ತಿರುಗಿಸಿದರೆ ಅವನ ಕೈ ಮೇಲೇಳುತ್ತದೆ, ಒಳಗಿನಿಂದ ನರಳಾಟ ಮತ್ತು ಗುರುಗುಟ್ಟುವ ಸದ್ದು ಬರುವಂತೆ ಮಾಡಿದ್ದಾರೆ. ಯಾವ ಕೋಣೆಯಲ್ಲಿ ಇಟ್ಟಿದ್ದಾರೆ ಎಂದು ಹೊರಡುವ ಮೊದಲು ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಶುಕ್ರವಾರ ರಾತ್ರಿ 10ರವರೆಗೂ ತೆರೆದಿರುವುದರಿಂದ ಹಗಲೆಲ್ಲ ಹೈಡ್ ಪಾರ್ಕಿನಲ್ಲಿ ಸುತ್ತಿ ಸಂಜೆಗೆ ಇಲ್ಲಿಗೆ ಬರಬಹುದು.