ಬ್ಲೆಂಡ್ ಒಳಗಿನ ಅಂಚು ಹುಡುಕೋಕೆ ಡಿಎಸ್‌ಸಿ – ನನ್ನ ಅನುಭವ

ಡಿಎಸ್‌ಸಿ ಅಂದ್ರೆ ಸ್ಯಾಂಪಲ್ಲನ್ನ ಬಿಸಿ ಮಾಡ್ತಾ, ತಣ್ಣಗೆ ಮಾಡ್ತಾ ಅದು ಎಷ್ಟು ಶಾಖ ಹೀರುತ್ತೆ, ಎಷ್ಟು ಬಿಡುತ್ತೆ ಅಂತ ಅಳೆದು ಕರ್ವ್ ಬರೆಯೋ ವಿಧಾನ. ಪಾಲಿಪ್ರೊಪಿಲೀನ್ (ಪಿಪಿ) ಜೊತೆ ನೈಲಾನ್ 6 ಸೇರ್ಸಿದ ಬ್ಲೆಂಡನ್ನ ಕರಗಿಸಿ ಅಚ್ಚಿಗೆ ಒತ್ತಿ, ಅಂದ್ರೆ ಇಂಜೆಕ್ಷನ್ ಮೋಲ್ಡ್ ಮಾಡಿದ ಪಟ್ಟಿಗಳು ನನ್ನ ಸ್ಯಾಂಪಲ್. ಒಂದು ಸೆಟ್ಟಲ್ಲಿ ಇವೆರಡೇ, ಇನ್ನೊಂದಕ್ಕೆ ಮಲೇಯಿಕ್ ಆನ್‌ಹೈಡ್ರೈಡ್ ಅನ್ನೋ ರಾಸಾಯನಿಕ ಸರಪಳಿಗೆ ಕಸಿ (ಗ್ರಾಫ್ಟ್) ಆಗಿರೋ ಪಿಪಿನೂ ಸ್ವಲ್ಪ ಹಾಕಿದ್ದು. ಪಿಪಿ, ನೈಲಾನ್ ಎರಡೂ ತಾವಾಗೇ ಬೆರೆಯಲ್ಲ, ನೈಲಾನ್ ಸಣ್ಣ ಹನಿಗಳಾಗಿ ಪಿಪಿ ಒಳಗೆ ಕೂತಿರುತ್ತೆ, ಪಟ್ಟಿಗೆ ಪೆಟ್ಟು ಬಿದ್ದಾಗ ತಡ್ಕೊಳ್ಳುತ್ತೋ ಇಲ್ವೋ ಅನ್ನೋದು ಬಹಳ ಮಟ್ಟಿಗೆ ಆ ಹನಿಯ ಅಂಚು ಎಷ್ಟು ಹಿಡ್ಕೊಂಡಿದೆ ಅನ್ನೋದ್ರ ಮೇಲೆ.

ಬಿಸಿ ಮಾಡೋವಾಗಿನ ಕರ್ವಲ್ಲಿ ಪಿಪಿ 165 ಡಿಗ್ರಿ ಸೆಲ್ಸಿಯಸ್ ಹತ್ರ, ನೈಲಾನ್ 220ರ ಹತ್ರ ಕರಗ್ತು, ಎರಡೂ ಸೆಟ್ಟಲ್ಲೂ ಹೆಚ್ಚುಕಮ್ಮಿ ಒಂದೇ. 100ರ ಆಸುಪಾಸಲ್ಲಿ ಒಂದು ಅಗಲವಾದ ತಗ್ಗು ಕಾಣ್ತು, ಅದೇ ಇಂಟರ್‌ಫೇಸ್ (ಹನಿಯ ಅಂಚು) ಅಂದ್ಕೊಂಡು ಎರಡು ವಾರ ಕಳೆದೆ, ಆಮೇಲೆ 80 ಡಿಗ್ರಿ ವ್ಯಾಕ್ಯೂಮ್ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ ರನ್ ಮಾಡಿದ್ರೆ ತಗ್ಗೇ ಇಲ್ಲ, ಅದು ನೈಲಾನ್ ಹೀರ್ಕೊಂಡಿದ್ದ ನೀರು.

ನಿಜವಾದ ವಿಷಯ ಇದ್ದಿದ್ದು ತಣ್ಣಗಾಗೋ ಕರ್ವಲ್ಲಿ. ನಿಮಿಷಕ್ಕೆ 10 ಡಿಗ್ರಿ ಇಳಿಸ್ತಾ ಬಂದ್ರೆ ಬರೀ ಬ್ಲೆಂಡಲ್ಲಿ ನೈಲಾನ್ 190ರ ಸ್ವಲ್ಪ ಕೆಳಗೆ ಚೂಪಾಗಿ ಹರಳುಗಟ್ತು, ಗ್ರಾಫ್ಟ್ ಹಾಕಿದ್ರಲ್ಲಿ ಆ ಪೀಕ್ (ಕರ್ವಿನ ಚೂಪು ಏರು) ಕುಗ್ಗಿ ಬರೀ ಉಬ್ಬಿನ ಥರ ಉಳೀತು. ಹಾಗಾದ್ರೆ ಉಳಿದ ನೈಲಾನ್ ಎಲ್ಲಿ ಹೋಯ್ತು? ಮತ್ತೆ ಬಿಸಿ ಮಾಡ್ದಾಗ 220ರಲ್ಲಿ ಕರಗೋ ಶಾಖ ಹೆಚ್ಚೇನೂ ಕಮ್ಮಿ ಆಗಿರ್ಲಿಲ್ಲ, ಅಂದ್ರೆ ಹರಳುಗಟ್ಟಿದೆ, ಆದ್ರೆ ತಡವಾಗಿ, ಪಿಪಿಯ ದೊಡ್ಡ ಪೀಕಿನ ಅಡಿಯಲ್ಲಿ ಅಡಗಿ. ಗ್ರಾಫ್ಟ್ ಆದ ಪಿಪಿ ನೈಲಾನ್ ಸರಪಳಿಯ ತುದಿಲಿರೋ ಅಮೀನ್ ಗುಂಪಿನ ಜೊತೆ ಅಂಚಲ್ಲೇ ರಿಯಾಕ್ಟ್ ಆಗಿ ಹನಿಗಳನ್ನ ತುಂಬಾ ಚಿಕ್ಕದು ಮಾಡುತ್ತೆ, ಹನಿಗಳ ಸಂಖ್ಯೆ ನೈಲಾನಲ್ಲಿರೋ ಧೂಳು ಗೀಳಿನಂಥ, ಹರಳು ಶುರುವಾಗೋಕೆ ಆಸರೆಯಾಗೋ ನ್ಯೂಕ್ಲಿಯಸ್‌ಗಳಿಗಿಂತ ಎಷ್ಟೋ ಜಾಸ್ತಿ ಆಗೋದ್ರಿಂದ ಬಹಳಷ್ಟು ಹನಿಗಳಿಗೆ ಒಂದೂ ಸಿಗಲ್ಲ, ಅವು ಇನ್ನೂ ತಣ್ಣಗಾಗೋ ತನಕ ಕಾಯ್ಬೇಕು. ಆ ಕರ್ವ್ ನೋಡಿದ ದಿನದ ಸಂತೋಷ ಇವತ್ತಿಗೂ ಮರೆತಿಲ್ಲ.

ಇನ್ನೊಂದು ಮಾತು, ಪಟ್ಟಿಯ ಮೇಲ್ಪದರ ಮತ್ತೆ ಮಧ್ಯಭಾಗ ಬೇರೆ ಬೇರೆ ಕತ್ತರಿಸ್ಕೊಳ್ಳಿ, ಮೋಲ್ಡಿನ ಗೋಡೆ ಹತ್ರ ಹನಿಗಳು ಎಳೆದು ನೀಳವಾಗಿರ್ತವೆ, ಒಳಗೆ ದುಂಡಗೆ. ನಾನು ಮೇಲಿಂದ ಬ್ಲೇಡಲ್ಲಿ ತೆಳ್ಳಗೆ ಹೆರೆದು, ಚೂರು ಡಿಎಸ್‌ಸಿಯ ಪುಟ್ಟ ಪ್ಯಾನಿನ ತಳಕ್ಕೆ ಚಪ್ಪಟೆಯಾಗಿ ಕೂರೋ ಹಾಗೆ 5 ಮಿಲಿಗ್ರಾಂ ಇಟ್ಕೊಂಡೆ. ಕರಗಿಸಿದ ಮೇಲೆ 240ರಲ್ಲಿ ಎರಡು ನಿಮಿಷಕ್ಕಿಂತ ಜಾಸ್ತಿ ನಿಲ್ಲಿಸ್ಲಿಲ್ಲ, ನಿಲ್ಲಿಸಿದ್ರೆ ಗ್ರಾಫ್ಟ್ ಇಲ್ಲದ ಬ್ಲೆಂಡಲ್ಲಿ ಹನಿಗಳು ಒಂದಕ್ಕೊಂದು ಕೂಡ್ಕೊಂಡು ಮೋಲ್ಡಿಂಗ್ ಕೊಟ್ಟ ಆಕಾರ ಅಳಿಸಿ ಹೋಗುತ್ತೆ. ಹನಿ ಗಾತ್ರ ಮಾತ್ರ ಪಟ್ಟಿಯ ಮುರಿದ ಮುಖನ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ (ಎಸ್‌ಇಎಮ್) ನೋಡೇ ಬರ್ಕೊಂಡೆ, ಡಿಎಸ್‌ಸಿ ಅಂಚನ್ನ ನೇರವಾಗಿ ತೋರ್ಸಲ್ಲ.