ಬಿಲ್ಡ್ ಆಯ್ಕೆಗಳಿಂದ ಹೆಡರ್ ಫೈಲ್ ತಯಾರಿಸುವ ಬಗೆ

ಒಂದೇ ಸಿ ಕೋಡಿನಿಂದ ಹಲವು ಬೋರ್ಡುಗಳಿಗೆ ಫರ್ಮ್‌ವೇರ್ (ಬೋರ್ಡಿನೊಳಗೆ ಕೂರುವ ಸಾಫ್ಟ್‌ವೇರ್) ಸಿದ್ಧಪಡಿಸುವವರು, ಆಯ್ಕೆಗಳನ್ನೆಲ್ಲ ಒಂದು ಕಾನ್ಫಿಗ್ ಫೈಲಿನಲ್ಲಿಟ್ಟು, ಹೆಡರನ್ನು, ಅಂದರೆ ಸಿ ಕೋಡ್ ತನ್ನೊಳಗೆ ಸೇರಿಸಿಕೊಳ್ಳುವ ಫೈಲನ್ನು, ಸ್ಕ್ರಿಪ್ಟಿನಿಂದಲೇ ಬರೆಸುವುದು ಲೇಸು. ಲಿನಕ್ಸ್ ಕರ್ನಲ್‌ನ ಕ್ರಮವನ್ನೇ ಅನುಸರಿಸಬಹುದು: ‘ಕಾನ್ಫಿಗ್_ಯುಎಸ್‌ಬಿ=ವೈ’ ಎಂಬ, ಯುಎಸ್‌ಬಿ ಬೇಕು ಎನ್ನುವ ಸಾಲು ಹೆಡರಿನಲ್ಲಿ ‘#ಡಿಫೈನ್ ಕಾನ್ಫಿಗ್_ಯುಎಸ್‌ಬಿ 1’ ಆಗುತ್ತದೆ. ಬೇಡವಾದ ಆಯ್ಕೆಗೆ 0 ಎಂದು ಡಿಫೈನ್ ಮಾಡದೆ ಸಾಲನ್ನೇ ಬಿಡಬೇಕು. ಏಕೆಂದರೆ ಆಯ್ಕೆ ಡಿಫೈನ್ ಆಗಿದೆಯೇ ಎಂದು ಕೋಡಿನಲ್ಲಿ ಪರೀಕ್ಷಿಸುವ ‘#ಇಫ್‌ಡೆಫ್’ ನೋಡುವುದು ಹೆಸರನ್ನು, ಅದರ ಮೌಲ್ಯವನ್ನಲ್ಲ.

ಸ್ಕ್ರಿಪ್ಟನ್ನು ಪೈಥಾನ್ ಭಾಷೆಯಲ್ಲಿ ಬರೆಯುವುದಾದರೆ, ಕಾನ್ಫಿಗ್ ಫೈಲಿನ ಪ್ರತಿ ಸಾಲನ್ನು ಮೊದಲ ಸಮಚಿಹ್ನೆಯ ಬಳಿ ಮಾತ್ರ ಸೀಳಿರಿ, ಏಕೆಂದರೆ ಉದ್ಧರಣ ಚಿಹ್ನೆಯೊಳಗಿನ ಪಠ್ಯದಲ್ಲೂ ಸಮಚಿಹ್ನೆ ಇರಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಬರೆಯುವ ಹಂತ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಾನಿದ್ದ ತಂಡದ ಸ್ಕ್ರಿಪ್ಟ್, ಏನೂ ಬದಲಾಗದಿದ್ದರೂ ಹೆಡರನ್ನು ಹೊಸದಾಗಿ ಬರೆಯುತ್ತಿತ್ತು; ಬಿಲ್ಡ್ ನಡೆಸುವ ‘ಮೇಕ್’ ಎಂಬ ಸಾಧನ, ಫೈಲು ಬದಲಾದ ಸಮಯವನ್ನಷ್ಟೇ ನೋಡುವುದರಿಂದ, ಆ ಹೆಡರನ್ನು ಬಳಸುವ ಕೋಡೆಲ್ಲ ಮತ್ತೆ ಕಂಪೈಲ್ ಆಗಿ, ನಾವು ಕೆಳಗಿಳಿದು ಬೈಟು ಕಾಫಿ ಮುಗಿಸಿ ಬಂದರೂ ಬಿಲ್ಡ್ ಮುಗಿದಿರುತ್ತಿರಲಿಲ್ಲ. ಆದ್ದರಿಂದ ಮೊದಲು ತಾತ್ಕಾಲಿಕ ಫೈಲಿಗೆ ಬರೆದು, ಹಳೆಯದರೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ ಮಾತ್ರ ಅದರ ಜಾಗಕ್ಕೆ ಸರಿಸಿರಿ.

ಹೀಗೆ ಹುಟ್ಟಿದ ಹೆಡರನ್ನು ಬಿಲ್ಡ್ ಫೋಲ್ಡರಿನಲ್ಲೇ ಇಡಿ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಸೇರಿಸಬೇಡಿ.